ಬಾಡಿ ಕಡೆಯವರು ಯಾರು?

ಕಳೆದ ಶ್ರಾವಣದಲ್ಲಿ ನಮ್ಮ ಅಣ್ಣ ತೀರಿಕೊಂಡರು. ಎಪ್ಪತ್ತೆಂಟು ವರ್ಷ ಬಾಳಿದವರು. ಅದರಲ್ಲಿ ಮೂವತ್ತನಾಲ್ಕು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿದವರು. ಅವರ ಸಾವು ಅಕಾಲದ್ದೆಂದು ನಾನು ಹೇಳಲಾರೆ. ಈ ಲೇಖನ ಅವರ ಸಾವನ್ನು ಕುರಿತದ್ದೂ ಅಲ್ಲ. ಅವರು ಹೋದ ಅರ್ಧ ಗಂಟೆಯೊಳಗೆ ನನ್ನ ಕಿವಿಗೆ ಬಿದ್ದ ಒಂದು ಮಾತನ್ನು ಕುರಿತದ್ದು.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ. ಒಂಬತ್ತು ದಿನ ನಾವು ಅಲ್ಲಿನ ಮೂರನೆಯ ಮಹಡಿಯ ಓಣಿಯಲ್ಲಿ ಕುಳಿತಿದ್ದೆವು. ಆ ಒಂಬತ್ತು ದಿನವೂ ನಮ್ಮನ್ನು ಕೂಗುತ್ತಿದ್ದುದು 'ಹನ್ನೆರಡನೆಯ ಬೆಡ್ಡಿನವರು' ಎಂದು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ನೂರಾರು ರೋಗಿಗಳಿರುವ ಕಡೆ ಸಂಖ್ಯೆ ಬೇಕಾಗುತ್ತದೆ. ರೈಲಿನಲ್ಲಿ, ಬ್ಯಾಂಕಿನಲ್ಲಿ, ಸೆರೆಮನೆಯಲ್ಲಿ ಕೂಡ ಹಾಗೆಯೇ. ರಾತ್ರಿ ಎರಡೂಕಾಲಿಗೆ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದು, ನನ್ನ ಮುಖ ನೋಡದೆ, "ಎಕ್ಸ್‌ಪೈರ್ ಆಗಿದ್ದಾರೆ" ಎಂದರು. ಅವರ ಧ್ವನಿಯಲ್ಲಿ ಮರುಕವಿತ್ತು. ಆಮೇಲೆ ಹೇಳುತ್ತೇನೆ ಆ ಮಾತಿನ ಸಮಾಚಾರ. ಅರ್ಧ ಗಂಟೆ ಕಳೆಯಿತು. ಕೈಯಲ್ಲಿ ಕಾಗದದ ಕಟ್ಟು ಹಿಡಿದ ಹುಡುಗನೊಬ್ಬ ಬಾಗಿಲಲ್ಲಿ ನಿಂತು ಕೇಳಿದ: "ಬಾಡಿ ಕಡೆಯವರು ಯಾರು?"

ಓಣಿಯಲ್ಲಿ ನಾಲ್ಕು ಸಂಸಾರದವರಿದ್ದರು. ಯಾರೂ ಏಳಲಿಲ್ಲ. ಪಾಪ, ಯಾರು ಎದ್ದಾರು? ಪ್ರತಿಯೊಬ್ಬರಿಗೂ ಎದೆ ಧಸಕ್ಕೆಂದಿರಬೇಕು. ಹುಡುಗ ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, ಅದೇ ಪ್ರಶ್ನೆ ಹಾಕಿದ. ಆಗ ನನಗೆ ಹೊಳೆಯಿತು: ಇವನು ಕರೆಯುತ್ತಿರುವುದು ನನ್ನನ್ನು. ನಾನು ಬಾಡಿ ಕಡೆಯವನು. ಎದ್ದು ಹೋದೆ, ಅವನು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ.

ಆ ಹುಡುಗನನ್ನು ಬಯ್ಯಲು ಈ ಲೇಖನ ಬರೆಯುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಇನ್ನೂ ಹತ್ತು ನಿಮಿಷವಾಗಿರಲಿಲ್ಲ, ಊರಿನಲ್ಲಿದ್ದ ಚಿಕ್ಕಪ್ಪನ ಮಗನಿಗೆ ಫೋನು ಮಾಡಿ ನಾನೇ ಹೇಳಿದೆ: "ಬಾಡಿ ಕೊಡೋದು ಏಳು ಗಂಟೆಯಾಗತ್ತಂತೆ ಕಣೋ." ಪಕ್ಕದಲ್ಲಿ ಅತ್ತಿಗೆ ಕುಳಿತಿದ್ದರು. ಐವತ್ತೊಂದು ವರ್ಷ ಅಣ್ಣನ ಜೊತೆ ಸಂಸಾರ ಮಾಡಿದವರು. ನಾನು ಫೋನು ಕೆಳಗಿಟ್ಟ ಮೇಲೆ ಅವರು ಕೇಳಿದರು: "ಏಳು ಗಂಟೆವರೆಗೂ ಅವರನ್ನ ಒಬ್ಬರನ್ನೇ ಎಲ್ಲಿಟ್ಟಿರ್ತಾರಪ್ಪ?" ನಾನು ಬಾಡಿಯ ವಿಷಯ ಮಾತಾಡುತ್ತಿದ್ದೆ, ಅವರು ಅಣ್ಣನ ವಿಷಯ ಮಾತಾಡುತ್ತಿದ್ದರು. ಇಬ್ಬರೂ ಆಡುತ್ತಿದ್ದುದು ಒಬ್ಬರನ್ನು ಕುರಿತೇ.

ನನ್ನ ಜಗಳ ಈ ಮಾತಿನ ಮೇಲೆ. ಇಂಗ್ಲಿಷ್ ಮಾತುಗಳ ಮೇಲೆಲ್ಲ ಕತ್ತಿ ಹಿರಿಯುವ ಪಂಗಡದವನು ನಾನಲ್ಲ. ಬಸ್ಸು, ಪೆನ್ನು, ಕಾಫಿ ಇವುಗಳಿಗೆ ಸಂಸ್ಕೃತದ ಪಂಚೆ ಉಡಿಸಲು ಹೊರಟವರನ್ನು ಕಂಡರೆ ನನಗೆ ನಗು. ಆಸ್ಪತ್ರೆ ಎಂಬ ಮಾತೇ ಹಡಗಿನಲ್ಲಿ ಬಂದದ್ದು. ಇವತ್ತು ಅದನ್ನು ಯಾರು ಹೊರಗಿನದೆಂದಾರು? ಬಾಡಿ ಕೂಡ ಕನ್ನಡದೊಳಗೆ ಚೆನ್ನಾಗಿಯೇ ದುಡಿದಿದೆ. ಕಾರ್ಖಾನೆಯಿಂದ ಬರಿಯ ಚಾಸಿಯಾಗಿ ಬಂದ ಲಾರಿಗೆ ನಮ್ಮ ಬಡಗಿಗಳೂ ಕಮ್ಮಾರರೂ 'ಬಾಡಿ ಕಟ್ಟುತ್ತಾರೆ'. ಹೆಣ್ಣುಮಕ್ಕಳ ಉಡುಪೊಂದಕ್ಕೆ ದರ್ಜಿಗಳು ಇಟ್ಟ ಹೆಸರು ಬಾಡಿ. ಬೇಸಗೆಯಲ್ಲಿ 'ಬಾಡಿ ಹೀಟು' ಆದರೆ ಎಳನೀರು ಕುಡಿಯುತ್ತೇವೆ. ಪಂಚಾಯತಿ ಪುರಸಭೆಗಳು 'ಲೋಕಲ್ ಬಾಡಿ'ಗಳು. ಚುನಾವಣೆಯಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಪಾಲಿಕೆಗಳನ್ನು ಕಂಡಾಗ ಆ ಹೆಸರಿನಲ್ಲಿ ಒಂದು ಔಚಿತ್ಯವೂ ಕಾಣುತ್ತದೆ, ಇರಲಿ. ಇವು ಯಾವುದರ ಮೇಲೂ ನನ್ನ ತಕರಾರಿಲ್ಲ. ಅಚ್ಚಗನ್ನಡದಲ್ಲಿ ಬಾಡಿ ಎಂದರೆ ಸೊರಗಿ, ಕಳೆಗುಂದಿ ಎಂದರ್ಥ. ಹೂವಿಗೆ ಹೇಳುವ ಮಾತು. ಎರಡು ಭಾಷೆಗಳ ಈ ಆಕಸ್ಮಿಕದಿಂದ ಒಂದು ಕವಿತೆಯನ್ನು ಹಿಂಡುವ ಆಸೆ ಯಾರಿಗಾದರೂ ಹುಟ್ಟಬಹುದು, ನನಗಿಲ್ಲ.

ಇಂಗ್ಲಿಷಿನವರಲ್ಲಿ ಈ ಮಾತು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನೋಡಿ. ಅವರೂ ಶವಕ್ಕೆ ಬಾಡಿ ಎನ್ನುತ್ತಾರೆ, ನೂರಾರು ವರ್ಷಗಳಿಂದ ಎನ್ನುತ್ತಾರೆ, ನಿಜ. ಆದರೆ ಅದೇ ಮಾತು ಅವರಲ್ಲಿ ಜೀವಂತ ಮನುಷ್ಯನನ್ನೂ ಹೊತ್ತಿದೆ. ಸಮ್‌ಬಡಿ ಎಂದರೆ ಯಾರೋ ಒಬ್ಬರು, ನೋಬಡಿ ಎಂದರೆ ಯಾರೂ ಇಲ್ಲ, ಎವೆರಿಬಡಿ ಎಂದರೆ ಪ್ರತಿಯೊಬ್ಬರು. ಸ್ಕಾಟ್ಲೆಂಡಿನವರಿಗೆ ಬರಿಯ 'ಎ ಬಾಡಿ' ಎಂದರೇ ಒಬ್ಬ ಮನುಷ್ಯ. ದೇಹಕ್ಕೂ ವ್ಯಕ್ತಿಗೂ ನಡುವಣ ನಂಟು ಆ ಭಾಷೆಯ ಬೇರಿನಲ್ಲೇ ಇದೆ. ಅವರ ನ್ಯಾಯಶಾಸ್ತ್ರವನ್ನು ನೋಡಿ. ಹೇಬಿಯಸ್ ಕಾರ್ಪಸ್ ಎಂಬ ಲ್ಯಾಟಿನ್ ಆಜ್ಞೆಯ ಅರ್ಥ, ನಿನ್ನ ವಶದಲ್ಲಿರುವ ದೇಹವನ್ನು ತಂದು ನ್ಯಾಯಾಲಯದ ಮುಂದೆ ನಿಲ್ಲಿಸು ಎಂದು. ಅಲ್ಲಿ ಕೇಳುತ್ತಿರುವುದು ಹೆಣವನ್ನಲ್ಲ, ಉಸಿರಾಡುವ ಪ್ರಜೆಯನ್ನು. 1679ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅದಕ್ಕಾಗಿ ಶಾಸನ ಮಾಡಿತು; ನಮ್ಮ ಸಂವಿಧಾನ ಆ ಅಧಿಕಾರವನ್ನು ಸುಪ್ರೀಂ ಕೋರ್ಟಿಗೂ ಹೈಕೋರ್ಟುಗಳಿಗೂ ಕೊಟ್ಟಿತು. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕದ ಹೈಕೋರ್ಟಿನಲ್ಲಿ ಈ ಅರ್ಜಿಯನ್ನೇ ಹಾಕಿದ್ದರು. 1976ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹಾಗೆ ಕೇಳುವ ಹಕ್ಕು ಆಗ ಇಲ್ಲವೆಂದರು, ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಸುಪ್ರೀಂ ಕೋರ್ಟೇ ತೊಡೆದುಹಾಕಿದ್ದು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಇಷ್ಟೆಲ್ಲ ಹೋರಾಟ ನಡೆದದ್ದು ಒಂದು ದೇಹದೊಳಗೆ ಒಬ್ಬ ಮನುಷ್ಯನಿದ್ದಾನೆ ಎಂಬ ನಂಬಿಕೆಯ ಮೇಲೆ. ನಾವು ಆ ಮಾತನ್ನು ಸಾಲ ತಂದಾಗ ಮನುಷ್ಯನನ್ನು ಅಲ್ಲಿಯೇ ಬಿಟ್ಟು ಬಂದೆವು.

ಎಕ್ಸ್‌ಪೈರ್ ಎಂಬುದರ ಕಥೆಯೂ ಅದೇ. ಮೂಲದಲ್ಲಿ ಅದು ಸುಂದರವಾದ ಮಾತು: ಉಸಿರನ್ನು ಹೊರಗೆ ಬಿಡುವುದು. ನಮ್ಮ 'ಅಸುನೀಗಿದರು' ಎಂಬುದರ ಅಣ್ಣತಮ್ಮ. ಆದರೆ ಇಂದು ಎಕ್ಸ್‌ಪೈರ್ ಆಗುವುದು ಯಾವುದು? ಮಾತ್ರೆಯ ಪಟ್ಟಿ, ಹಾಲಿನ ಪೊಟ್ಟಣ, ಡ್ರೈವಿಂಗ್ ಲೈಸೆನ್ಸು, ಮೊಬೈಲಿನ ರೀಚಾರ್ಜು. ಆ ಸಾಲಿನಲ್ಲಿ ಮೂವತ್ತನಾಲ್ಕು ವರ್ಷ ಪೈಥಾಗೊರಸನ ಪ್ರಮೇಯ ಹೇಳಿದ ಮೇಷ್ಟ್ರು.

ಕನ್ನಡದವನಿಗೆ ಸಾವನ್ನು ಹೇಳಲು ಮಾತಿಲ್ಲದೆ ಇವನ್ನು ತಂದನೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸತ್ತರು, ಹೋದರು, ಮಡಿದರು, ತೀರಿಕೊಂಡರು, ದೈವಾಧೀನರಾದರು, ಲಿಂಗೈಕ್ಯರಾದರು, ಕೊನೆಯುಸಿರೆಳೆದರು, ಪಟ್ಟಿ ಮುಗಿಯುವುದಿಲ್ಲ. ಶ್ರವಣಬೆಳಗೊಳದ ನಿಸಿದಿಗಲ್ಲುಗಳಲ್ಲಿ ವ್ರತ ಹಿಡಿದು ದೇಹ ಬಿಟ್ಟವರನ್ನು 'ಮುಡಿಪಿದರ್' ಎಂದು ಕೆತ್ತಿದ್ದಾರೆ. ಸಾವಿರ ವರ್ಷ ಮೀರಿತು. ಕಲ್ಲಿನ ಮೇಲೆ ಆ ಬಹುವಚನ ಇನ್ನೂ ಅಳಿಸಿಲ್ಲ. ಧಾರವಾಡದ ಕಡೆಯವರು ಅಂತ್ಯಕ್ರಿಯೆಗೆ ಹೋಗಿಬಂದರೆ 'ಮಣ್ಣಿಗೆ ಹೋಗಿದ್ದೆ' ಎನ್ನುತ್ತಾರೆ. ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ನೇರವಾಗಿ ಈ ವಿಷಯವನ್ನು ಯಾವ ಭಾಷೆ ಹೇಳೀತು?

ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಶಬ್ದಭಂಡಾರದ ಮಾತಲ್ಲ, ವ್ಯಾಕರಣದ್ದು. ಕನ್ನಡದಲ್ಲಿ ಲಿಂಗವೆಂಬುದು ಅರ್ಥವನ್ನು ಅನುಸರಿಸಿ ಬರುತ್ತದೆ. ಮನುಷ್ಯನಾದರೆ ಬಂದನು, ಬಂದಳು, ಬಂದರು. ಕಲ್ಲು, ಮರ, ದನಗಳಾದರೆ ಬಂತು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಸೂತ್ರ ಬರೆದ ಕಾಲಕ್ಕೂ ಹೀಗೆಯೇ, ಈಗಲೂ ಹೀಗೆಯೇ. ನಮ್ಮ ಗೌರವವೆಲ್ಲ ಇರುವುದು ಕ್ರಿಯಾಪದದ ಬಾಲದಲ್ಲಿ. 'ಅಣ್ಣ ಬಂದರು' ಎಂಬಲ್ಲಿಂದ 'ಬಾಡಿ ಬಂತು' ಎಂಬಲ್ಲಿಗೆ ಇಳಿದಾಗ, ಎಪ್ಪತ್ತೆಂಟು ವರ್ಷ 'ಅವರು' ಆಗಿದ್ದವರು ಅರ್ಧ ಗಂಟೆಯಲ್ಲಿ 'ಅದು' ಆದರು. ಇಂಗ್ಲಿಷಿನ ಕ್ರಿಯಾಪದಕ್ಕೆ ಬಾಲವಿಲ್ಲ, ಆದುದರಿಂದ ಅವರಿಗೆ ಈ ಬೀಳುವಿಕೆ ಅಷ್ಟಾಗಿ ಕೇಳಿಸದು. ನಮಗೆ ಕೇಳಿಸಬೇಕು.

ಇಲ್ಲಿ ಜಾಣರು ಒಂದು ಪ್ರಶ್ನೆ ಹಾಕುತ್ತಾರೆ: ಹೆಣ ಬಂತು, ಶವ ಬಂತು ಎಂದರೂ ನಪುಂಸಕವೇ ಅಲ್ಲವೆ? ಹೌದು. ಆದರೆ ಹೆಣ ಎಂಬ ಮಾತನ್ನು ತಮ್ಮವರಿಗೆ ಯಾರು ಬಳಸುತ್ತಿದ್ದರು? ಅದು ಗಡುಸಾದ ಮಾತು, ಬಯ್ಗುಳಕ್ಕೂ ಬಳಕೆಯಾದ ಮಾತು. ಆ ಗಡಸುತನವೇ ಒಂದು ಬೇಲಿಯಾಗಿತ್ತು. ಮನೆಯವರ ಮುಂದೆ, ಮನೆಯವರನ್ನು ಕುರಿತು, ಅದು ನಾಲಗೆಗೆ ಬರುತ್ತಿರಲಿಲ್ಲ. ಹೀಗಾಗಿ ಜನ ಯಾವ ನಾಮಪದವೂ ಇಲ್ಲದೆ ಮಾತು ಮುಗಿಸುತ್ತಿದ್ದರು: 'ಅವರನ್ನು ನಡುಮನೆಯಲ್ಲಿ ಮಲಗಿಸಿದ್ದಾರೆ', 'ಅವರನ್ನು ಎಷ್ಟು ಹೊತ್ತಿಗೆ ತೆಗೆಯುತ್ತಾರೆ?', 'ಅಮ್ಮನ್ನ ಕರಕೊಂಡು ಬಂದ್ರಾ?' ಬಾಡಿ ಮೆತ್ತಗೆ ಕಾಣುವ ಮಾತು. ಹೆಣ ಎಂದು ಹೇಳಲು ನಾಚುತ್ತಿದ್ದ ಬಾಯಿ ಬಾಡಿ ಎನ್ನಲು ನಾಚುವುದಿಲ್ಲ. ಗಡುಸು ಮಾತು ಹೊರಗೆ ನಿಂತಿತ್ತು. ಮೆತ್ತನೆಯ ಮಾತು ಚಪ್ಪಲಿ ಕಳಚಿ ನಡುಮನೆಗೆ ಬಂದು ಕುಳಿತಿತು.

ಶಿವಮೊಗ್ಗದ ಕಡೆಯವರಾದ ನನ್ನ ಮಿತ್ರರೊಬ್ಬರು ಡಾಕ್ಟರು. ಮೂವತ್ತು ವರ್ಷದಿಂದ ಸಾವುಗಳ ನಡುವೆ ಕೆಲಸ ಮಾಡುತ್ತಿರುವವರು. ಈ ವಿಷಯವಾಗಿ ನನಗೂ ಅವರಿಗೂ ಎರಡು ಸಂಜೆ ವಾಗ್ವಾದ ನಡೆಯಿತು. ಅವರ ವಾದವನ್ನು ಮರೆಮಾಚದೆ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಹುರುಳಿದೆ. "ನಿಮ್ಮ ಬಾಡಿ ಎಂಬುದು ನಮಗೆ ಕೈಗವಸು ಇದ್ದ ಹಾಗೆ. ಒಂದು ರಾತ್ರಿಗೆ ಮೂರು ಜನ ಹೋಗುತ್ತಾರೆ. ಮೂವರನ್ನೂ ಅಣ್ಣ, ಅಪ್ಪ, ತಾಯಿ ಎಂದುಕೊಂಡರೆ ನಾಲ್ಕನೆಯವರಿಗೆ ಸೂಜಿ ಹಾಕುವಾಗ ಕೈ ನಡುಗುತ್ತದೆ. ಆ ವಾರ್ಡ್‌ಬಾಯ್ ಹುಡುಗನಿಗೆ ಇಪ್ಪತ್ತೆರಡು ವರ್ಷ. ಅವನು ಎತ್ತಬೇಕು, ಸ್ವಚ್ಛ ಮಾಡಬೇಕು, ಬಟ್ಟೆ ಸುತ್ತಬೇಕು. ಅವನು ನಿಮ್ಮ ಹಾಗೆ ವ್ಯಾಕರಣ ನೋಡಿಕೊಂಡು ಕುಳಿತರೆ ಬದುಕುವುದು ಹೇಗೆ? ಬೇರೆ ಭಾಷೆಯ ಮಾತಾದ್ದರಿಂದಲೇ ಅದು ಅವನನ್ನು ಕಾಪಾಡುತ್ತದೆ."

ಇದಕ್ಕೆ ನಾನು ಆ ಸಂಜೆ ಉತ್ತರ ಕೊಡಲಾರದೆ ಹೋದೆ. ಆಮೇಲೆ ಯೋಚಿಸಿದೆ. ರಾಘವಾಂಕನ ಕಾವ್ಯದಲ್ಲಿ ಹರಿಶ್ಚಂದ್ರನೂ ಸುಡುಗಾಡಿನ ನೌಕರನೇ. ಸತ್ತವನು ತನ್ನ ಮಗನೇ ಆದರೂ, ಬಂದವಳು ತನ್ನ ಹೆಂಡತಿಯೇ ಆದರೂ ಸುಡುಗಾಡಿನ ತೆರಿಗೆ ಕೇಳುತ್ತಾನೆ. ಅದು ಅವನ ಕೆಲಸ. ಆ ಕೆಲಸಕ್ಕೆ ಒಂದು ಕಟ್ಟುನಿಟ್ಟು ಬೇಕು. ಒಪ್ಪಿದೆ. ಆದರೆ ಅದೇ ಸುಡುಗಾಡಿನಲ್ಲಿ ಚಂದ್ರಮತಿಯೂ ಇದ್ದಾಳೆ. ಅವಳು ಲೋಹಿತಾಶ್ವನನ್ನು ಮಗನೆಂದೇ ಕರೆದು ಗೋಳಾಡುತ್ತಾಳೆ. ಕಾವಲುಗಾರನ ಮಾತು ಕಾವಲುಗಾರನಿಗೆ, ತಾಯಿಯ ಮಾತು ತಾಯಿಗೆ. ಇಬ್ಬರೂ ಒಂದೇ ಮಾತಾಡತೊಡಗಿದರೆ ಆ ಕಾವ್ಯವೇ ಇಲ್ಲ. ಕೈಗವಸು ಹಾಕಿಕೊಳ್ಳುವವರು ಕೆಲಸ ಮುಗಿದ ಮೇಲೆ ತೆಗೆದಿಡುತ್ತಾರೆ. ನಾವು, ಶವವನ್ನು ಮುಟ್ಟುವ ಕೆಲಸವೇ ಇಲ್ಲದ ನಾವು, ಮನೆಯಲ್ಲಿ, ಫೋನಿನಲ್ಲಿ, ವಾಟ್ಸಪ್ಪಿನಲ್ಲಿ ಹಗಲೂ ರಾತ್ರಿಯೂ ಅದನ್ನು ತೊಟ್ಟುಕೊಂಡು ಓಡಾಡುತ್ತೇವೆ. ಯಾವ ಸೋಂಕಿಗೆ ಹೆದರಿ?

ಪತ್ರಿಕೆಗಳನ್ನೂ ಬಿಡಬಾರದು, ಅವು ಬಾಡಿ ಎಂದು ಅಚ್ಚು ಹಾಕುವುದಿಲ್ಲ, ಆದರೆ ಅವುಗಳದ್ದು ಬೇರೆ ಬಗೆಯ ಲೆಕ್ಕ. ಮಂತ್ರಿ ಸತ್ತರೆ 'ಪಾರ್ಥಿವ ಶರೀರ', ನಮ್ಮ ನಿಮ್ಮಂಥವರು ಸತ್ತರೆ 'ಮೃತದೇಹ', ರೈಲು ಹಳಿಯ ಪಕ್ಕದಲ್ಲಿ ಸಿಕ್ಕವನಾದರೆ 'ಅಪರಿಚಿತ ಶವ'. ಒಂದೇ ಪುಟದಲ್ಲಿ ಮೂರು ದರ್ಜೆ. ಪಾರ್ಥಿವ ಎಂದರೆ ಪೃಥ್ವಿಗೆ ಸೇರಿದ್ದು, ಬರಿಯ ಮಣ್ಣಿನದು. ಸಂಸ್ಕೃತದಲ್ಲಿ ಅದೇ ಮಾತಿಗೆ ರಾಜನೆಂಬ ಅರ್ಥವೂ ಉಂಟು. ನಮ್ಮ ವರದಿಗಾರರು ಎರಡನೆಯ ಅರ್ಥವನ್ನು ಹಿಡಿದಿರುವಂತೆ ತೋರುತ್ತದೆ. ಶರೀರವೆಂದರೆ ಶಿಥಿಲವಾಗುವಂಥದು, ಕಾಯವೆಂದರೆ ಹಲವನ್ನು ಕೂಡಿಸಿ ಮಾಡಿದ್ದು ಎಂದು ಪಂಡಿತರು ಧಾತು ಹೇಳುತ್ತಾರೆ. ಅದು ಮಂತ್ರಿಗೂ ಅನಾಥನಿಗೂ ಒಂದೇ.

ಬರಿಯ ಮಾತಿಗೆ ಇಷ್ಟೇಕೆ ರಂಪ ಎನ್ನಬಹುದು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಿಂದ ಬಂದ ಚಿತ್ರವನ್ನು ನೆನೆಯಿರಿ. ಕೋವಿಡ್ಡಿನಿಂದ ಸತ್ತವರನ್ನು ಕಪ್ಪು ಚೀಲಗಳಲ್ಲಿ ಸುತ್ತಿ ತಂದು ಒಂದೇ ಗುಂಡಿಗೆ ಒಬ್ಬರ ಮೇಲೊಬ್ಬರಂತೆ ಎಸೆಯುತ್ತಿದ್ದರು. ನಾಡೆಲ್ಲ ನೋಡಿ ತಲ್ಲಣಿಸಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಒಂದು ಮಾತಿನಿಂದಲೇ ಹಾಗಾಯಿತೆಂದು ಹೇಳುವಷ್ಟು ಮೂಢ ನಾನಲ್ಲ. ಭಯವಿತ್ತು, ದಣಿವಿತ್ತು, ಕೈ ಸಾಲದಾಗಿತ್ತು. ಆದರೆ ಇಷ್ಟು ಕೇಳುತ್ತೇನೆ: 'ಇವರನ್ನು ಇಳಿಸಿ' ಎನ್ನುವ ಬಾಯಿರುವ ಕಡೆ ಹಾಗೆ ಎಸೆಯುವ ಕೈ ಸ್ವಲ್ಪವಾದರೂ ತಡವರಿಸುತ್ತಿರಲಿಲ್ಲವೆ? ಸುಪ್ರೀಂ ಕೋರ್ಟು 1995ರಲ್ಲಿಯೇ, ಮನುಷ್ಯನ ಘನತೆಯ ಹಕ್ಕು ಸತ್ತ ಮೇಲೆ ಅವನ ದೇಹಕ್ಕೂ ಸಲ್ಲುತ್ತದೆಂದು ಹೇಳಿದೆ. ಕಾನೂನು ಒಪ್ಪಿದ್ದನ್ನು ನಮ್ಮ ಕ್ರಿಯಾಪದ ಒಪ್ಪಲು ಹಿಂಜರಿಯುತ್ತಿದೆ.

ಅಣ್ಣನನ್ನು ಊರಿಗೆ ಕರೆದುಕೊಂಡು ಹೋದದ್ದು ಒಂದು ಬಿಳಿಯ ವ್ಯಾನಿನಲ್ಲಿ. ಅದರ ಮೇಲೆ 'ಮುಕ್ತಿವಾಹನ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ವಾಹನಕ್ಕೆ ಇಷ್ಟು ಒಳ್ಳೆಯ ಹೆಸರಿಟ್ಟ ಊರಿನಲ್ಲಿ ಅದರೊಳಗೆ ಮಲಗಿದವರಿಗೆ ಬಾಡಿ ಎಂಬ ಹೆಸರು. ಚಾಲಕ ದಾರಿಯುದ್ದಕ್ಕೂ ಫೋನಿನಲ್ಲಿ "ಬಾಡಿ ಇದೆ ಅಣ್ಣ, ಸಂಜೆ ಸಿಗ್ತೀನಿ" ಎನ್ನುತ್ತಿದ್ದ. ಹಳ್ಳಿಯಲ್ಲಿ ಎಲ್ಲವೂ ಶುದ್ಧವಾಗಿದೆಯೆಂದು ಹೇಳಿ ವಾಚಕರನ್ನು ಮೋಸಗೊಳಿಸಲಾರೆ. ನಾವು ಊರ ಬಾಗಿಲು ಮುಟ್ಟುವ ಮೊದಲೇ ತಮ್ಮನ ಮಗ 'ಬಾಡಿ ಅರಸೀಕೆರೆ ಬಿಟ್ಟಿದೆ' ಎಂದು ಬಂಧುಗಳಿಗೆಲ್ಲ ಸಂದೇಶ ಕಳಿಸಿದ್ದ. ಜಗಲಿಯ ಹತ್ತಿರ ನಿಂತಿದ್ದ ಒಬ್ಬ ಮುದುಕ, ಅಣ್ಣನ ಮೊದಲ ತಂಡದ ವಿದ್ಯಾರ್ಥಿಯಂತೆ, ವ್ಯಾನಿನ ಬಾಗಿಲು ತೆರೆದಾಗ "ಮೇಷ್ಟ್ರ ತಲೆ ಆ ಕಡೆ ಇದೆಯಾ, ಈ ಕಡೆ ಇದೆಯಾ? ನಿಧಾನ" ಎಂದು ಕೈ ಕೊಟ್ಟ. ಅಷ್ಟೆ. ಅವನು ಭಾಷೆಯನ್ನು ಕಾಪಾಡಲು ಹಾಗೆ ಹೇಳಲಿಲ್ಲ. ಅವನಿಗೆ ಅಲ್ಲಿ ಮೇಷ್ಟ್ರು ಕಂಡರು.

ಆಸ್ಪತ್ರೆಗಳಿಂದ ನಾನು ಕೇಳುವುದು ತೀರ ಸಣ್ಣ ಸಂಗತಿ. ದಫ್ತರದಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ, ದಫ್ತರಕ್ಕೆ ಕಿವಿಯಿಲ್ಲ. ಬಾಗಿಲಲ್ಲಿ ನಿಂತು ಕೂಗುವಾಗ ಹೆಸರು ಹಿಡಿದು ಕೂಗಲಿ. ಕಾಗದದ ಮೇಲೆ ಹೆಸರು ಇದ್ದೇ ಇರುತ್ತದೆ, ವಯಸ್ಸೂ ಇರುತ್ತದೆ. 'ಶ್ರೀನಿವಾಸಯ್ಯನವರ ಕಡೆಯವರು', 'ಫಾತಿಮಾ ಬೀಯವರ ಕಡೆಯವರು'. ಇದಕ್ಕೆ ಹಣ ಬೇಡ, ಯಂತ್ರ ಬೇಡ, ಸರ್ಕಾರದ ಆದೇಶವೂ ಬೇಡ.

ಮೊನ್ನೆ ಡಾಕ್ಟರ ಮುಂದೆ ಇದನ್ನು ಇಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹುಡುಗರಿಗೆ ಹೇಳಿನೋಡುತ್ತೇನೆ. ಆದರೆ ಒಂದು ತೊಂದರೆ ಇದೆ ಮಾರಾಯರೆ. ಬಾಡಿ ಎಂದರೆ ಜನ ತೆಪ್ಪಗೆ ಎದ್ದು ಬಂದು ಸಹಿ ಹಾಕುತ್ತಾರೆ. ಹೆಸರು ಕೂಗಿದರೆ ಅಳು ಹೆಚ್ಚಾಗುತ್ತದೆ" ಎಂದರು.

ಆಗಲಿ ಎಂದೆ.